ಖಾತ್ರಿಯೋ ಅಂದಾಜೋ

ಜೀಪಿನಲ್ಲಿ ಕಣ್ಣು ಹತ್ತಿ ಎಚ್ಚರಾದವರು ಸಾಮಾನ್ಯವಾಗಿ ಎಲ್ಲಿಗೆ ಬಂದೆವು ಎಂದು ಕೇಳುತ್ತಾರೆ. ನಮ್ಮ ಸಾಹೇಬ್ರು ಕೇಳುತ್ತಿದ್ದದ್ದು ಬೇರೆ.

“ನಾನು ಒರಗಿದ್ನಾ, ಇಲ್ಲ ಕೂತಲ್ಲೇ ತೂಕಡಿಸಿದ್ನಾ?”

ನಾನು ಆಗಷ್ಟೇ ಶೃಂಗೇರಿಯ ಕರೆಂಟ್ ಆಫೀಸಿಗೆ ಮೀಟರ್ ರೀಡರ್ ಆಗಿ ಬಂದಿದ್ದೆ. ಅವರು ಅಲ್ಲಿ ಹಿರಿಯ ಲೈನ್‌ಮನ್. ಮನೆ ಕೊಪ್ಪದಲ್ಲಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಆಫೀಸಿನಲ್ಲಿ ಎಲ್ಲರಿಗೂ ಅವರು ಸಾಹೇಬ್ರು, ಎಂಜಿನಿಯರಿಗೂ. ಕೆರೆಕಟ್ಟೆ, ಸಿರಿಮನೆ ಕಡೆಗೆ ಬಸ್ಸು ಕಡಿಮೆಯಾದ್ದರಿಂದ ಲೈನಿನವರ ಜೀಪು ಹೊರಟಾಗ ನಾನೂ ಹತ್ತಿಕೊಳ್ಳುತ್ತಿದ್ದೆ. ಹಾಗೆ ಪಕ್ಕದಲ್ಲಿ ಕೂತವನು ನಾನು. ಪ್ರಶ್ನೆ ನನಗೇ ಬರುತ್ತಿತ್ತು.

ಮೊದಲ ಸಲ ತಮಾಷೆ ಅಂದುಕೊಂಡೆ. ಆಮೇಲೆ ಅವರೇ ಬಿಡಿಸಿ ಹೇಳಿದರು. ನಮಾಜಿಗೆ ಮೊದಲು ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ನೀರು ಕೊಟ್ಟು, ಮುಖ ಮತ್ತು ಮೊಣಕೈವರೆಗೆ ತೋಳು ತೊಳೆದು, ತಲೆ ಸವರಿ, ಕಾಲು ತೊಳೆಯುವುದು ವುಜೂ. ಮಧ್ಯಾಹ್ನ ಮಾಡಿದ ವುಜೂ ಸಂಜೆಯ ನಮಾಜಿಗೂ ನಡೆಯುತ್ತದೆ, ನಡುವೆ ಮುರಿಯದಿದ್ದರೆ. ನಿದ್ದೆ ಅದನ್ನು ಮುರಿಯುತ್ತದೆ, ಆದರೆ ಎಲ್ಲ ನಿದ್ದೆಯೂ ಅಲ್ಲ. ಗಟ್ಟಿಯಾಗಿ ಕೂತು ತೂಕಡಿಸಿದರೆ ಮುರಿಯುವುದಿಲ್ಲ. ಯಾವುದಕ್ಕೋ ಒರಗಿ, ಆ ಆಸರೆ ಎಳೆದರೆ ಬಿದ್ದೇಬಿಡುವ ಹಾಗೆ ಮಲಗಿದ್ದರೆ ಮುರಿಯಿತು.

“ಇದನ್ನ ನಿದ್ದೆ ಮಾಡಿದವನು ಹೇಗೆ ಹೇಳ್ತಾನೆ ಮಾರಾಯ್ರೆ? ಪಕ್ಕದವ್ರೇ ಹೇಳ್ಬೇಕು.”

“ಒರಗಿದ್ರಿ ಅನ್ಸುತ್ತೆ.”

“ಖಾತ್ರಿಯೋ, ಅಂದಾಜೋ?”

ಈ ಎರಡನೆಯ ಪ್ರಶ್ನೆಯೇ ಅವರು. ಹೋದ ತಿಂಗಳು ನಿವೃತ್ತರಾದರು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ, “ಹೆಸರು ಬಿಟ್ಟು ಬರೀರಿ. ಅಂದಾಜು ಇದ್ದಲ್ಲಿ ಅಂದಾಜು ಅಂತ್ಲೇ ಬರೀರಿ” ಎಂದರು. ಮೊದಲನೆಯದು ಸುಲಭ.

ಕಂಬ ಹತ್ತುವಾಗಲೂ ಅದೇ ಪ್ರಶ್ನೆ. ಸಬ್‌ಸ್ಟೇಷನ್ನಿನಿಂದ ಲೈನ್ ಆಫ್ ಆಗಿದೆ ಎಂದು ಫೋನು ಬಂದರೆ, “ನೀವೇ ಆಫ್ ಮಾಡಿದ್ದಾ, ಮಾಡಿದಾರೆ ಅಂತ ಯಾರಾದ್ರೂ ಹೇಳಿದ್ದಾ?” ಎಂದು ಕೇಳುವರು. ಆ ಕಡೆಯವರಿಗೆ ಸಿಟ್ಟು ಬರುತ್ತಿತ್ತು. ಅವರಿಗೆ ಸಿಟ್ಟು ಬಂದದ್ದು ಗೊತ್ತಾಗಿಯೂ ಇವರು ಇನ್ನೊಮ್ಮೆ ಕೇಳುವರು. ಆಮೇಲೂ ಕರೆಂಟು ಬಂದರೂ ಭೂಮಿಗೆ ಹೋಗಲಿ ಎಂದು, ನೆಲಕ್ಕೆ ಜೋಡಿಸಿದ ಸರಪಳಿಯನ್ನು ಉದ್ದನೆಯ ಕೋಲಿನಿಂದ ತಂತಿಗೆ ಹಾಕಿ, ಆಮೇಲೆಯೇ ಬೆಲ್ಟು ಕಟ್ಟುವರು. ಅವರ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಇಬ್ಬರು ಈಗ ಇಲ್ಲ. ಅದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಸರಪಳಿ ಬಿಚ್ಚುತ್ತಾ.

ನಾನು ಒಮ್ಮೆ ಚೇಷ್ಟೆಗೆ ಕೇಳಿದೆ: “ವುಜೂ ಮಾಡಿದ್ದು ನೆನಪಿದೆ, ಆದ್ರೆ ಮುರಿದಿದೆಯೋ ಏನೋ ಅಂತ ಸಂಶಯ ಬಂತು ಅಂತಿಟ್ಕೊಳ್ಳಿ. ಆಗ?”

“ಮಾಡಿದ್ದು ಖಾತ್ರಿ, ಮುರಿದದ್ದು ಸಂಶಯ. ಸಂಶಯಕ್ಕೆ ಖಾತ್ರಿ ತೆಗೆಯೋ ಶಕ್ತಿ ಇಲ್ಲ. ವುಜೂ ಇದೆ.”

“ಕಂಬದ ಮೇಲೆ ಹಾಗಲ್ವಲ್ಲ ನೀವು.”

“ಹೌದಲ್ಲ! ಕಂಬದ ಮೇಲೆ ಸಂಶಯ ಬಂದ್ರೆ ಕರೆಂಟು ಇದೆ ಅಂತ ಲೆಕ್ಕ. ವುಜೂದಲ್ಲಿ ಸಂಶಯ ಬಂದ್ರೆ ವುಜೂ ಇದೆ ಅಂತ ಲೆಕ್ಕ.” ಅವರಿಗೆ ಇದು ಎಷ್ಟು ಹಿಡಿಸಿತೆಂದರೆ ಕೊಪ್ಪದ ಮೌಲವಿಯವರಿಗೂ ಹೇಳಿದರಂತೆ. ಮೌಲವಿಯವರು, “ನೀವು ಎರಡು ಕಡೆಯೂ ಬದುಕಿದಿರಿ” ಎಂದರಂತೆ. ಹೇಳಿದರೋ, ಇವರು ಜೋಡಿಸಿದರೋ ಗೊತ್ತಿಲ್ಲ. ಅಂತೆ ಎಂದು ಬರೆದಿದ್ದೇನೆ.

ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಸದಾ ಒಂದು ಗೆರೆ ಇರುತ್ತಿತ್ತು, ಬ್ಲೇಡಿನಿಂದ ಕೆರೆದದ್ದು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೆ ಬಳಿಯುವ ಬೆಳ್ಳಿ ಬಣ್ಣ ಉಗುರಿಗೆ ಸಿಡಿದರೆ ಒಣಗಿ ತೆಳ್ಳನೆಯ ಹಾಳೆಯಾಗಿ ಕೂರುತ್ತದೆ. ವುಜೂ ಮಾಡುವಾಗ ನೀರು ಚರ್ಮಕ್ಕೆ, ಉಗುರಿಗೆ ಮುಟ್ಟಬೇಕು. ಸಾಸಿವೆಯಷ್ಟು ಜಾಗ ಒಣಗಿ ಉಳಿದರೂ ಆಗಲಿಲ್ಲ. ಹಾಗಾಗಿ ಅವರ ಅಂಗಿಯ ಜೇಬಿನಲ್ಲಿ ಟೆಸ್ಟರ್ ಪಕ್ಕ ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡೊಂದು ಇರುತ್ತಿತ್ತು.

“ಹಾಗಾದ್ರೆ ಮೆಹಂದಿ?”

“ಅದು ಬಣ್ಣ. ಬಣ್ಣ ಹತ್ತಿದ್ರೆ ಪರವಾಗಿಲ್ಲ, ಪದರ ಕೂತ್ರೆ ಆಗಲ್ಲ.”

“ಓಟಿನ ಮಸಿ?”

“ಕೇಳಿ ಹೇಳ್ತೀನಿ” ಎಂದರು. ನನಗೆ ಗೆದ್ದ ಖುಷಿ. ಎರಡು ದಿನ ಬಿಟ್ಟು, ನಾನು ಮರೆತೇಬಿಟ್ಟಿದ್ದಾಗ, ಬಿಲ್ ಕೌಂಟರಿನ ಜನರ ಎದುರೇ ಬಂದು ಎಡಗೈ ಬೆರಳು ತೋರಿಸಿ, “ಕೇಳ್ಕೊಂಡು ಬಂದೆ. ಬಣ್ಣ” ಎಂದು ಹೇಳಿ ಹೋದರು. ಸಾಲಿನಲ್ಲಿದ್ದವರು ನನ್ನ ಮುಖ ನೋಡಿದರು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಇಲ್ಲಿನ ಕಾಡಿನಲ್ಲಿ ಉಂಬಳ, ಅಂದರೆ ನೆಲದ ಜಿಗಣೆ. ಕಾಲಿಗೆ ಹತ್ತುವುದು ಗೊತ್ತಾಗುವುದಿಲ್ಲ, ಕಚ್ಚುವುದೂ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿ ಉದುರಿದ ಮೇಲೆ ರಕ್ತ ನಿಲ್ಲುವುದೇ ಇಲ್ಲ. ಅದಕ್ಕೆ ಲೈನಿನವರು ಸುಣ್ಣಕ್ಕೆ ಹೊಗೆಸೊಪ್ಪು ಅರೆದು ಕಣಕಾಲಿನವರೆಗೆ ಬಳಿದುಕೊಳ್ಳುತ್ತಾರೆ. ಅವರೂ ಬಳಿಯುತ್ತಿದ್ದರು. ಆದರೆ ಸುಣ್ಣ ಒಣಗಿದರೆ ಪದರ. ನಮಾಜಿನ ಹೊತ್ತಿಗೆ ಉಜ್ಜಿ ಉಜ್ಜಿ ತೊಳೆಯಬೇಕು. ತೊಳೆದರೆ ಕಾಲು ಬರಿದು, ಉಂಬಳಕ್ಕೆ ಹಬ್ಬ. ಮತ್ತು ಅವರ ಪದ್ಧತಿಯಲ್ಲಿ ಮೈಯಿಂದ ರಕ್ತ ಹೊರಟು ಹರಿದರೆ ವುಜೂ ಮುರಿಯಿತು.

“ವುಜೂ ಮಾಡಿದ್ರೆ ಉಂಬಳ ಕಚ್ಚುತ್ತೆ, ಉಂಬಳ ಕಚ್ಚಿದ್ರೆ ವುಜೂ ಹೋಗುತ್ತೆ. ಈ ಕೆರೆಕಟ್ಟೆ ಲೈನಿಗೆ ನನ್ನ ಹಾಕಿದವನಿಗೆ ಏನು ಹೇಳ್ಲಿ?” ಎಂದು ನಗುವರು. ನಗುವರೇ ಹೊರತು ಒಂದು ದಿನವೂ ನಮಾಜು ಬಿಟ್ಟವರಲ್ಲ.

ಇನ್ನು ಆ ದಿನ. ಮೂರು ಮಳೆಗಾಲದ ಹಿಂದೆ.

ಕೆರೆಕಟ್ಟೆಯ ದಾರಿಯಲ್ಲಿ ಮರ ಬಿದ್ದು ಲೈನು ಹರಿದಿತ್ತು. ಕೆಲಸ ಮುಗಿದಾಗ ಮಧ್ಯಾಹ್ನ ಕಳೆದು ಅಸರ್ ನಮಾಜಿನ ಹೊತ್ತು. ರಸ್ತೆಪಕ್ಕದ ಹಳೆಯ ಕಲ್ಲಿನ ಬಸ್ ನಿಲ್ದಾಣವೊಂದೇ ಒಣ ಜಾಗ. ಡ್ರೈವರ್ ಜೀಪಿನಿಂದ ಇಳಿಯಲಿಲ್ಲ. ಸಾಹೇಬ್ರು ಹಳ್ಳದ ನೀರಿನಲ್ಲಿ ಸುಣ್ಣವೆಲ್ಲ ಉಜ್ಜಿ ತೊಳೆದು, ಬೂಟು ಹೊರಗೆ ಬಿಟ್ಟು, ಒಳಗೆ ನಿಂತರು. ಮಳೆಗೆ ಅಲ್ಲಿ ನಿಂತಿದ್ದ ಕೆಲವರು ಅವರನ್ನೇ ಮುಂದೆ ಮಾಡಿ ಹಿಂದೆ ಸಾಲುಗಟ್ಟಿದರು. ಅವರು ಶುರು ಮಾಡಿದ ಮೇಲೂ ಒಬ್ಬಿಬ್ಬರು ಬಂದು ಸೇರಿದರು. ನಾನು ಹೊರಗೆ ಕೂತಿದ್ದೆ.

ಮುಗಿಯುತ್ತಿದ್ದ ಹಾಗೇ ಸಬ್‌ಸ್ಟೇಷನ್ನಿನ ಫೋನು. ಬೂಟು ಏರಿಸಿ ಜೀಪು ಹತ್ತಿದರು. ಶೃಂಗೇರಿ ಹತ್ತಿರ ಬಂದಾಗ ಅವರ ಬಲಗಾಲಿನ ಕಾಲುಚೀಲ ಒದ್ದೆ. ಬಿಚ್ಚಿದರೆ ರಕ್ತ, ಬೂಟಿನೊಳಗೆ ಜಜ್ಜಿಹೋದ ಉಂಬಳ.

ಅದು ಬೂಟಿನೊಳಗೇ ಕಾದು ಕೂತು ಆಮೇಲೆ ಕಚ್ಚಿರಬಹುದು. ಇಲ್ಲ, ನಮಾಜಿನ ನಡುವೆ ಕಚ್ಚಿ, ರಕ್ತ ಹರಿದು, ಬೂಟಿನೊಳಗೆ ಬಂದಿರಬಹುದು. ಮೊದಲನೆಯದಾದರೆ ಏನೂ ಆಗಿಲ್ಲ. ಎರಡನೆಯದಾದರೆ ಅವರ ನಮಾಜು ಹೋಯಿತು. ಅವರದ್ದಷ್ಟೇ ಅಲ್ಲ, ಮುಂದೆ ನಿಂತವರದ್ದು ಹೋದರೆ ಹಿಂದೆ ನಿಂತವರದ್ದೂ ಹೋಯಿತು. ಅವರೆಲ್ಲ ಅದನ್ನು ಮತ್ತೆ ಮಾಡಬೇಕು. ಹೇಳಬೇಕಾದ್ದು ಮುಂದೆ ನಿಂತವನ ಜವಾಬ್ದಾರಿ.

ಅವರು ನನ್ನ ಕಡೆ ತಿರುಗಿದರು. “ನೀವು ಹೊರಗೆ ಕೂತಿದ್ರಲ್ಲ. ರಕ್ತ ಏನಾದ್ರೂ ಕಂಡಿತ್ತಾ?”

ನಾನು ಹೇಳಿದ ಉತ್ತರ ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. “ಮೊದಲ್ನೇ ಸಲ ಬಗ್ಗಿದಾಗ್ಲೇ ಕಂಡಿತ್ತು ಸಾಹೇಬ್ರೆ. ಹಿಮ್ಮಡಿ ಮೇಲೆ ಕೆಂಪು ಗೆರೆ. ನಮಾಜಿನ ಮಧ್ಯೆ ಕರೀಬಾರದು ಅಂತ ಸುಮ್ಮನಾದೆ.”

“ಖಾತ್ರಿಯೋ, ಅಂದಾಜೋ?”

“ಖಾತ್ರಿ.”

ಆ ಕೆಂಪು ಗೆರೆ ನನ್ನ ಕಣ್ಣೆದುರು ಇತ್ತು. ಈಗಲೂ ಇದೆ. ಬೆಳ್ಳಗೆ ನೆಂದ ಹಿಮ್ಮಡಿ, ಅದರ ಮೇಲೆ ಗೆರೆ. ಆದರೆ ಜೀಪಿನಲ್ಲಿ ಅವರು ಕಾಲುಚೀಲ ಬಿಚ್ಚಿದಾಗಲೂ ಕಂಡದ್ದು ಅದೇ ಹಿಮ್ಮಡಿ. ಅಲ್ಲಿಂದ ಎತ್ತಿ ಇಲ್ಲಿ ಇಟ್ಟೆನೇ? ಸುಮ್ಮನಾದೆ ಎಂದೆನಲ್ಲ, ಅದನ್ನು ಹೇಳುವಾಗ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು. ಅವರ ನಮಾಜಿಗೆ ಮರ್ಯಾದೆ ಕೊಟ್ಟ ಮನುಷ್ಯ ನಾನು ಎಂದು. ಬಹುಶಃ ಆ ಮರ್ಯಾದೆಯ ಮಾತು ಹೇಳುವುದಕ್ಕೇ ಗೆರೆ ಬೇಕಾಗಿತ್ತು.

“ಹಿಂದೆ ಎಷ್ಟು ಜನ ಇದ್ರು? ತಿರುಗಿದಾಗ ನನಗೆ ಮೂರು ಮುಖ ಕಂಡಿತ್ತು.”

“ನಾಲ್ಕು.”

“ಎಣಿಸಿದ್ರಾ?”

“ಚಪ್ಪಲಿ ಎಣಿಸಿದ್ದೆ. ನಿಮ್ಮ ಬೂಟು ಬಿಟ್ಟು ನಾಲ್ಕು ಜೊತೆ. ಒಬ್ರು ಬಸ್ಸು ಬಂತು ಅಂತ ಮೊದಲೇ ಓಡಿರ್ಬೇಕು.”

ಚಪ್ಪಲಿ ಎಣಿಸಿದ್ದು ನಿಜ. ಮೀಟರ್ ಓದುವವನಿಗೆ ಸುಮ್ಮನೆ ಕೂತರೂ ಏನಾದರೂ ಎಣಿಸುವ ಚಟ. ಅವರು ತಲೆಯಾಡಿಸಿದರು. ಅಂದು ಸಂಜೆ ತಮ್ಮ ನಮಾಜನ್ನು ಮತ್ತೆ ಮಾಡಿದರು. ಮರುದಿನದಿಂದ ಹುಡುಕಾಟ.

ನರಸಿಂಹರಾಜಪುರದ ಕಡೆ, ಮುತ್ತಿನಕೊಪ್ಪದಲ್ಲಿ ಒಬ್ಬರು ಗಾರೆ ಮೇಸ್ತ್ರಿ. ಅಂದು ಕೆರೆಕಟ್ಟೆಯಲ್ಲಿ ಮೋರಿ ಕೆಲಸಕ್ಕೆ ಬಂದಿದ್ದವರು. ಭಾನುವಾರ ನನ್ನ ಬೈಕಿನಲ್ಲಿ ಹೋದೆವು. ಮೇಸ್ತ್ರಿ ಗೋಡೆಗೆ ಸಿಮೆಂಟು ಎರಚುತ್ತಿದ್ದರು. ಸಾಹೇಬ್ರು ಕೆಳಗೆ ನಿಂತೇ ವಿಷಯ ಹೇಳಿದರು.

“ಇದಕ್ಕೆ ಶೃಂಗೇರಿಯಿಂದ ಬಂದ್ರಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ!”

“ಫೋನಲ್ಲಿ ನೀವು ಹ್ಞೂಂ ಅಂತೀರಿ. ಕೇಳಿಸ್ತೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು?”

ಮೇಸ್ತ್ರಿ ಮೇಲಿನ ಹಲಗೆಯಿಂದ ಇಳಿದು ಡ್ರಮ್ಮಿನ ಹತ್ತಿರ ಕೂತು ಕೈಯ ಸಿಮೆಂಟು ಕೀಳಲು ಶುರುಮಾಡಿದರು. ಸಾಹೇಬ್ರು ಜೇಬಿನಿಂದ ಬ್ಲೇಡಿನ ತುಂಡು ತೆಗೆದು ಕೊಟ್ಟರು. ಕಾಲು ಗಂಟೆ ಹಿಡಿಯಿತು. ಮರಳಿನ ರಾಶಿಯ ಪಕ್ಕ ಗೋಣಿ ಹಾಸಿ ನಾಲ್ಕು ರಕಾತ್, ಅಂದರೆ ನಿಂತು ಬಗ್ಗಿ ಹಣೆ ಮುಟ್ಟಿಸುವ ನಾಲ್ಕು ಸುತ್ತು, ಮುಗಿಸಿ ಎದ್ದ ಮೇಲೆ ಮೇಸ್ತ್ರಿ ಹೇಳಿದ್ದು ಒಂದೇ ಮಾತು: “ಕಲಸಿದ ಸಿಮೆಂಟು ಗಟ್ಟಿಯಾಯ್ತು ನೋಡಿ.”

ಎರಡನೆಯವರು ಕೊಪ್ಪದವರೇ, ಸ್ಕೂಟರಿನಲ್ಲಿ ಊರೂರಿಗೆ ಬಟ್ಟೆ ಮಾರುವವರು. ಸಾಹೇಬ್ರ ಮಾತು ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣಗಾಯಿತು. ನನ್ನನ್ನು ನೋಡಿದರು. ಆಮೇಲೆ ಸಾಹೇಬ್ರ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರೂ ನನಗೆ ಕೇಳಿಸಿತು: “ಯಾರಿಗೂ ಹೇಳ್ಬೇಡಿ. ಆವತ್ತು ನಾನು ವುಜೂನೇ ಮಾಡಿರ್ಲಿಲ್ಲ. ಹಳ್ಳದ ನೀರು ಅಷ್ಟು ತಣ್ಣಗಿತ್ತು. ಎಲ್ರೂ ನಿಂತ್ರು, ನಾನೂ ನಿಂತೆ.”

ಸಾಹೇಬ್ರು ಅವರಿಗೆ ಏನು ಹೇಳಿದರೋ ಕೇಳಿಸಲಿಲ್ಲ. ಬೈಕು ಹತ್ತಿದ ಮೇಲೆ ಬಹಳ ದೂರ ಅವರ ಹೊಟ್ಟೆ ನನ್ನ ಬೆನ್ನಿಗೆ ತಾಗಿ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಹೆದರಿ ನಿಲ್ಲಿಸಿದರೆ ನಗು.

ಮೂರನೆಯವರು ಘಟ್ಟದ ಕೆಳಗಿನಿಂದ ಮೀನಿನ ವ್ಯಾನು ತರುವ ಬ್ಯಾರಿ. ಅವರನ್ನು ಶೃಂಗೇರಿಯ ಪೇಟೆಯಲ್ಲೇ ಹಿಡಿದೆವು. ಪೂರ್ತಿ ಕೇಳಿ ಅವರು ಮೀನಿನ ಮೇಲಿನ ಮಂಜುಗಡ್ಡೆ ಸರಿಸುತ್ತಾ ಹೇಳಿದರು: “ಎಂತ ಮಾರಾಯ್ರೆ, ನಾವು ಶಾಫಿ ಪದ್ಧತಿಯವರು. ರಕ್ತ ಬಂದ್ರೆ ನಮಗೆ ಉಳು, ಅಂದ್ರೆ ನಿಮ್ಮ ವುಜೂ, ಮುರಿಯುದಿಲ್ಲ. ನನ್ನ ನಮಾಜ್ ಸರಿ ಉಂಟು.”

“ಆದ್ರೆ ಮುಂದೆ ನಿಂತ ನನ್ನದೇ—”

“ಅದೇ ನೋಡಿ ತಮಾಷೆ! ನಿಮ್ಮ ಹಿಂದೆ ನಿಂತು ನನ್ನದಾಯ್ತು, ನಿಮ್ಮದೇ ಆಗ್ಲಿಲ್ಲ!”

ಒಂದೇ ಮಳೆ, ಒಂದೇ ಬಸ್ ನಿಲ್ದಾಣ, ಒಂದೇ ರಕ್ತ. ಇಬ್ಬರೂ ವ್ಯಾನಿಗೆ ಒರಗಿ ನಗುತ್ತಿದ್ದರು. ನನಗೆ ಕುತೂಹಲ ತಡೆಯಲಿಲ್ಲ. ಹಾಗಾದರೆ ನಿಮಗೆ ಆರಾಮವಲ್ಲವೇ ಎಂದೆ. “ಎಂತ ಆರಾಮ? ನಮಗೆ ಬೇರೆ ಕಷ್ಟ ಉಂಟು. ಹೊರಗಿನ ಹೆಂಗಸ್ರ ಕೈ ತಾಗಿದ್ರೆ ಉಳು ಹೋಯ್ತು. ನಾನು ಮಾರುದು ಮೀನು. ತಗೊಳ್ಳುದು ಯಾರು?” ವ್ಯಾನಿನ ಅಂಚಿನಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿ ತೋರಿಸಿದರು. ಮೀನಿನ ಕವರು ಅದರಲ್ಲಿಟ್ಟು ಮುಂದಕ್ಕೆ ಒಡ್ಡುವುದು, ಅವರು ಎತ್ತಿಕೊಳ್ಳುವುದು. ಅಷ್ಟು ವರ್ಷ ಅವರಲ್ಲಿ ಮೀನು ಕೊಂಡಿದ್ದೇನೆ. ಆ ಬುಟ್ಟಿ ನೀರು ಸೋರಲಿ ಎಂದು ಇಟ್ಟದ್ದು ಎಂದುಕೊಂಡಿದ್ದೆ. ಸಾಹೇಬ್ರಿಗೆ ಆ ಕಷ್ಟವಿಲ್ಲ. ಅವರದ್ದು ಹನಫಿ ಪದ್ಧತಿ, ಅದರಲ್ಲಿ ಹಾಗೆ ತಾಗಿದರೆ ಮುರಿಯುವುದಿಲ್ಲವಂತೆ.

ಉಳಿದದ್ದು ನಾಲ್ಕನೆಯವರು.

ಮೂರು ವರ್ಷ ಅವರು ಆ ನಾಲ್ಕನೆಯವರನ್ನು ಹುಡುಕಿದರು. ಕೆರೆಕಟ್ಟೆ ಕಡೆ ಹೋದಾಗಲೆಲ್ಲ ಚಹದಂಗಡಿಯಲ್ಲಿ ವಿಚಾರಿಸುವರು. ಕಂಡಕ್ಟರುಗಳನ್ನು ಕೇಳುವರು. ಮೀನಿನವರಿಗೆ ಘಟ್ಟದ ಕೆಳಗೂ ವಿಚಾರಿಸಲು ಹೇಳಿದ್ದರು. “ನನ್ನಿಂದ ಒಬ್ರ ಒಂದು ನಮಾಜು ಬಾಕಿ ಇದೆ. ಅವ್ರಿಗೆ ಬಾಕಿ ಇದೆ ಅಂತ್ಲೇ ಗೊತ್ತಿಲ್ಲ. ಅವ್ರು ಮುಗೀತು ಅಂದ್ಕೊಂಡು ಓಡಾಡ್ತಾ ಇದಾರೆ” ಎನ್ನುವರು. ಹೀಗೆ ಹೇಳುವಾಗ ಅವರು ನಗುತ್ತಿರಲಿಲ್ಲ.

ಮತ್ತೆ ಮತ್ತೆ ನನ್ನನ್ನು ಕೇಳುವರು. ಹೇಗಿದ್ರು? ವಯಸ್ಸೆಷ್ಟು? ಗಡ್ಡ? ನಾನು ಹೇಳಿದೆ. ಮೊದಲ ವರ್ಷ ಎತ್ತರದವರು ಎಂದೆ. ಎರಡನೆಯ ವರ್ಷದ ಹೊತ್ತಿಗೆ ಅವರಿಗೆ ನೀಲಿ ಅಂಗಿ ಬಂದಿತ್ತು. ಕೆಮ್ಮುತ್ತಿದ್ದರು ಎಂದೂ ಒಮ್ಮೆ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಸಲವೂ ಅನ್ನಿಸಲಿಲ್ಲ. ಕೇಳಿದಾಗ ಕಾಣುತ್ತಿದ್ದರು. ಕಂಡದ್ದನ್ನು ಹೇಳಿದೆ.

ಹೋದ ತಿಂಗಳು ಆಫೀಸಿನಲ್ಲಿ ಬೀಳ್ಕೊಡುಗೆ. ಶಾಲು, ಹಾರ, ಖಾರಾಬೂಂದಿ. ನನಗೆ ಎರಡು ಮಾತು ಆಡಲು ಹೇಳಿದರು. ಉಂಬಳದ ಕಥೆ ಹೇಳಿದೆ. ಜನ ನಗುತ್ತಿದ್ದರು, ನಗುವುದು ಕಂಡು ನಾನು ಅಭಿನಯಿಸಿಯೇ ತೋರಿಸಿದೆ. “ಇವ್ರಿಗೆ ನಮಾಜಿನ ಚಿಂತೆ, ನನಗೆ ಉಂಬಳದ ಚಿಂತೆ. ನಾನು ಚಪ್ಪಲಿ ಬಿಟ್ಟು, ನಮಾಜಿಗೆ ನಿಂತವ್ರ ಚಪ್ಪಲಿ ಪಕ್ಕ ಇಟ್ಟು, ಕಟ್ಟೆ ಮೇಲೆ ಎರಡೂ ಕಾಲು ಎತ್ತಿಕೊಂಡು ಕೂತಿದ್ದೆ” ಎಂದು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೊಬ್ಬರು ಹಾರದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

ಕಾರ್ಯಕ್ರಮ ಮುಗಿದು ಆಫೀಸಿನ ಹಿಂದಿನ ನಲ್ಲಿಯಲ್ಲಿ ಅವರು ಕಾಲು ತೊಳೆಯುತ್ತಿದ್ದಾಗ ಹತ್ತಿರ ಹೋದೆ.

“ಚಪ್ಪಲಿ ಬಿಟ್ಟಿದ್ದೆ ಅಂದ್ರಲ್ಲ. ಮೂರು ವರ್ಷದಲ್ಲಿ ಹೇಳಿರ್ಲಿಲ್ಲ.”

ಅಂದು ಎಣಿಸಿದ್ದರಲ್ಲಿ ನನ್ನ ಚಪ್ಪಲಿಯೂ ಸೇರಿತ್ತೇ? ನಾಲ್ಕು ಜೊತೆ.

“ಖಾತ್ರಿಯೋ, ಅಂದಾಜೋ?” ಎಂದರು.

ಆ ಕಥೆಗೆ ಚಪ್ಪಲಿ ಎಲ್ಲಿಂದ ಬಂತು? ಅಂದು ನಿಜವಾಗಿ ಬಿಟ್ಟಿದ್ದೆನೋ, ಜನ ನಗಲಿ ಎಂದು ಆ ಕ್ಷಣ ಹುಟ್ಟಿತೋ? ನಾಲ್ಕನೆಯವರೇ ಇರಲಿಲ್ಲ ಎಂದರೆ ಎಲ್ಲವೂ ಎಷ್ಟು ಚೆನ್ನಾಗಿ ಕೂರುತ್ತದೆ! ಚೆನ್ನಾಗಿ ಕೂರುತ್ತದೆ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿತು. ಅಂದು ಜೀಪಿನಲ್ಲಿ ಕೆಂಪು ಗೆರೆಯೂ ಹೀಗೆಯೇ ಚೆನ್ನಾಗಿ ಕೂತಿತ್ತು.

“ಅಂದಾಜು” ಎಂದೆ. ಆಮೇಲೆ, ಮೂರು ವರ್ಷ ತಡವಾಗಿ, “ರಕ್ತ ಕಂಡದ್ದೂ ಈಗ ಅಂದಾಜೇ ಸಾಹೇಬ್ರೆ” ಎಂದೆ.

ಅವರು ನಲ್ಲಿ ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ. ಬೈದರೆ ನನಗೇ ಹಗುರಾಗುತ್ತಿತ್ತು.

“ಆವತ್ತು ಖಾತ್ರಿ ಅಂದ್ರಿ. ಇವತ್ತು ಸಂಶಯ ಅಂತೀರಿ. ಸಂಶಯಕ್ಕೆ ಖಾತ್ರಿ ತೆಗೆಯೋ ಶಕ್ತಿ ಇಲ್ಲ ಅಂತ ನಾನೇ ನಿಮಗೆ ಹೇಳಿದ್ದಲ್ವಾ?” ಎಂದರು. “ನಾಳೆ ಬೈಕ್ ತನ್ನಿ. ಹೋಗಿ ನೋಡುವಾ.”

ಮರುದಿನ ಕೆರೆಕಟ್ಟೆಯ ಆ ನಿಲ್ದಾಣಕ್ಕೆ ಹೋದೆವು. ನಿವೃತ್ತಿಯ ಮೊದಲ ದಿನ ಅವರು ಮಾಡಿದ ಕೆಲಸ ಇದು. ನಿಲ್ದಾಣ ಹಾಗೇ ಇತ್ತು. ಎದುರಿಗೆ ಮೆಟ್ಟಿಲು, ಅಲ್ಲೇ ಚಪ್ಪಲಿ ಬಿಡುವ ಜಾಗ. ಪಕ್ಕದಲ್ಲಿ ಸೊಂಟದೆತ್ತರದ ಕಲ್ಲಿನ ಗೋಡೆ; ಅದರ ಮೇಲೆ ಮಾಡಿನವರೆಗೆ ಖಾಲಿ. ಗೋಡೆಯ ಹೊರಗೆ, ಮಾಡಿನ ನೆರಳಿನಲ್ಲಿ, ಕೂರುವ ಕಟ್ಟೆ.

“ಎಲ್ಲಿ ಕೂತಿದ್ರಿ?”

ಕಟ್ಟೆ ತೋರಿಸಿದೆ. ಹೊರಗೆ ಕೂರಲು ಒಣಗಿದ ಜಾಗ ಬೇರೆ ಇಲ್ಲವೇ ಇಲ್ಲ. ಇದು ಖಾತ್ರಿ.

“ಕೂತ್ಕೊಳ್ಳಿ.”

ಕೂತೆ. ಅವರು ಒಳಗೆ ಹೋಗಿ ಅಂದು ನಿಂತ ಜಾಗದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತರು. ಪ್ಯಾಂಟು ಮೇಲೆ ಮಡಚಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದರು.

“ಹಿಮ್ಮಡಿ ಕಾಣುತ್ತಾ?”

ಅವರ ಬೆನ್ನು ಕಾಣುತ್ತಿತ್ತು. ಮೊಣಕೈ ಕಾಣುತ್ತಿತ್ತು. ಆಮೇಲೆ ಗೋಡೆ. ಕಾಲು ಮಡಚಿ ಕೂತು ನೋಡಿದೆ, ಇಳಿಬಿಟ್ಟು ನೋಡಿದೆ. ಕಟ್ಟೆಯ ಆ ತುದಿಗೆ ಸರಿದು ನೋಡಿದೆ, ಈ ತುದಿಗೆ ಸರಿದು ನೋಡಿದೆ. ಎದ್ದು ನಿಂತೂ ನೋಡಿದೆ. ಮಂಡಿಯ ಕೆಳಗೆ ಏನೂ ಇಲ್ಲ. ಗೋಡೆಯ ಕಲ್ಲು ತಡವಿದೆ. ಹೊಸದಾಗಿ ಕಟ್ಟಿದ್ದೇ? ಪಾಚಿ ಹತ್ತಿ, ಸಂದಿನಲ್ಲಿ ಜರಿಗಿಡ ಬೇರುಬಿಟ್ಟಿತ್ತು. ಮೂರು ವರ್ಷದ ಗೋಡೆಯಲ್ಲ.

“ಏನು ಮಾರಾಯ್ರೆ, ಸೊಂಟ ಹಿಡೀತು. ಕಾಣುತ್ತಾ ಇಲ್ವಾ?”

“ಕಾಣಲ್ಲ.”

“ಖಾತ್ರಿ?”

“ಖಾತ್ರಿ. ಇಲ್ಲಿಂದ ಯಾರಿಗೂ ಕಾಣಲ್ಲ.”

ಅವರು ನೆಟ್ಟಗಾದರು. ಸೊಂಟ ಹಿಡಿದುಕೊಂಡೇ ಗೋಡೆಯ ಹತ್ತಿರ ಬಂದು ಅದರ ಎತ್ತರ ನೋಡಿದರು. ಆಮೇಲೆ ಹೇಳಿದರು: “ಹಾಗಾದ್ರೆ ನಿಮ್ಮ ಖಾತ್ರಿ ಬಿತ್ತು. ವುಜೂ ಮಾಡಿದ್ದು ಖಾತ್ರಿ, ಮುರಿದದ್ದು ಯಾರೂ ನೋಡಿಲ್ಲ. ಆವತ್ತಿನ ನಮಾಜು ಆಗಿದೆ. ನಾಲ್ಕನೇವ್ರು ಇದ್ರೆ ಅವ್ರದ್ದೂ ಆಗಿದೆ.”

“ಮೇಸ್ತ್ರಿದು?”

“ಅವ್ರದ್ದು ಒಂದು ಜಾಸ್ತಿ ಆಯ್ತು. ಜಾಸ್ತಿ ಆದ್ರೆ ತೊಂದ್ರೆ ಇಲ್ಲ. ಸಿಮೆಂಟು ಹಾಳಾಯ್ತು, ಅಷ್ಟೇ.”

ಮೂರು ವರ್ಷ ಸಾಹೇಬ್ರೆ, ಎಂದೆ. ಅವರು ಹಳ್ಳಕ್ಕೆ ಇಳಿದು ವುಜೂ ಮಾಡಿ ಮೇಲೆ ಬಂದರು. ಮುಖದಿಂದ ನೀರು ಇಳಿಯುತ್ತಿತ್ತು.

“ಒಂದು ಸಲ ಬೈದಾದ್ರೂ ಬಿಡಿ” ಎಂದೆ.

“ಈಗ ತಾನೇ ಬಾಯಿ ತೊಳೆದು ಬಂದಿದೀನಿ. ಹಾಳು ಮಾಡ್ಬೇಡಿ” ಎಂದರು. ಬೂಟು ಬಿಡುವವರು ಒಮ್ಮೆ ನಿಂತು, ಮೆಟ್ಟಿಲಿನ ಮೂಲೆ ತೋರಿಸಿದರು. “ಈ ಸಲ ಇಲ್ಲಿ ಕೂತ್ಕೊಳ್ಳಿ. ಕಾಣೋ ಕಡೆ.”

ಮಳೆ ಸಣ್ಣಗೆ ಹನಿಯುತ್ತಿತ್ತು. ಉಂಬಳ ಇದ್ದೇ ಇದ್ದವು. ಮೆಟ್ಟಿಲಿನ ಹಸಿಯಲ್ಲಿ ಎರಡು ತಲೆಯೆತ್ತಿ ಗಾಳಿ ಮೂಸುತ್ತಿದ್ದವು. ನಾನು ಕಾಲು ಮೇಲೆ ಎಳೆದುಕೊಂಡು ಕೂತೆ. ಅವರು ಕೈಯೆತ್ತಿ ಕಟ್ಟಿದರು, ಬಗ್ಗಿದರು, ನೆಲಕ್ಕೆ ಹಣೆ ಮುಟ್ಟಿಸಿದರು. ನಾಲ್ಕು ರಕಾತ್ ಮುಗಿಯುವವರೆಗೆ ನಾನು ಆ ಎರಡು ಹಿಮ್ಮಡಿ ಬಿಟ್ಟು ಬೇರೇನೂ ನೋಡಲಿಲ್ಲ. ನೆಂದು ಬಿಳುಚಿದ್ದವು. ಬಲಗಾಲಿನದರಲ್ಲಿ ಒಂದು ಹಳೆಯ ಬಿರುಕು. ಕೆಂಪು ಎಲ್ಲೂ ಇರಲಿಲ್ಲ.

ಅವರು ಬಲಕ್ಕೆ, ಎಡಕ್ಕೆ ತಿರುಗಿ ಸಲಾಂ ಹೇಳುತ್ತಿದ್ದಾಗ ಅಭ್ಯಾಸದಂತೆ ಎಣಿಸಿದೆ. ಮೆಟ್ಟಿಲ ಮೇಲೆ ಒಂದು ಜೊತೆ ಬೂಟು, ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಚಪ್ಪಲಿ ನನ್ನದು. ಯಾವಾಗ ಬಿಟ್ಟೆನೋ ಗೊತ್ತಾಗಿರಲಿಲ್ಲ.